ಬೆಲ್ಟು ಬಿಚ್ಚಿದ ಹೊಲಿಗೆ ಯಂತ್ರ

ಮೂರು ವಾರ ಹಾಸಿಗೆಗೆ ಅಂಟಿಕೊಂಡರೆ ಗಟ್ಟಿಮುಟ್ಟಾದವರ ಕಾಲೂ ಸೋಲುತ್ತದೆ. ಇದು ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ. ಆದರೂ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾವು ಮೊದಲು ಮಾಡುವ ಕೆಲಸ ಹಾಸಿಗೆ ಹಾಸುವುದು.

ನಮ್ಮ ಬೀದಿಯ ಟೈಲರಮ್ಮನಿಗೆ ಕ್ಯಾನ್ಸರಿನ ಎರಡನೆಯ ಸುತ್ತಿನ ಔಷಧಿ ನರದೊಳಗೆ ಇಳಿದಿತ್ತು. ಉದುರುತ್ತಿದ್ದ ಕೂದಲನ್ನು, ಕ್ಷೌರದಂಗಡಿ ಇಟ್ಟಿದ್ದ ಗಂಡನೇ ಮೆತ್ತಗೆ ಬೋಳಿಸಿಕೊಟ್ಟಿದ್ದ. ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಜ್ವರ ಬಂದ ದಿನ, ತಲೆ ಸುತ್ತಿದ ದಿನ ಬೇಡ. ಉಳಿದ ದಿನ ಮನೇಲೇ ಕೈಕಾಲು ಆಡಿಸ್ಬೇಕು. ತೀರಾ ನಿತ್ರಾಣ ಆದ್ರೆ ಮುಂದಿನ ಔಷಧಿ ಕೊಡೋಕಾಗಲ್ಲ, ಮುಂದಕ್ಕೆ ಹಾಕ್ಬೇಕಾಗುತ್ತೆ."

ಆ ಮಾತು ಅವಳ ಎದೆಯಲ್ಲಿ ಕೂತಿತು. ಔಷಧಿ ಕಾಯಬಹುದು, ಗಡ್ಡೆ ಕಾದು ಕೂರುತ್ತದೆಯೇ?

ಎರಡು ಕೋಣೆಯ ಮನೆಯಲ್ಲಿ ನಡೆದಾಡಲು ಜಾಗವೆಲ್ಲಿ? ಹೊಲಿಗೆ ಕಲಿಯಲು ಬಂದವರಿಗೆ ಅವಳು ಮೊದಲ ವಾರ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಯಂತ್ರದ ಬೆಲ್ಟು ಬಿಚ್ಚಿ ಬರೀ ತುಳಿಯಲು ಬಿಡುತ್ತಿದ್ದಳು. ಸೂಜಿ ಅಲ್ಲಾಡದು, ಕಾಲು ಪಳಗುತ್ತದೆ. ಈಗ ತನಗಾಗಿಯೇ ಬೆಲ್ಟು ಬಿಚ್ಚಿ ಕೂತಳು. ಬೆಳಿಗ್ಗೆ ನೂರು ತುಳಿತ, ಸಂಜೆ ನೂರು. ನಡುವೆ ಕುರ್ಚಿಯಿಂದ ಹತ್ತು ಸಲ ಏಳುವುದು. ಡಾಕ್ಟರಮ್ಮನೂ ಫೋನಿನಲ್ಲಿ "ಭೇಷ್" ಅಂದಿದ್ದರು.

ಬೆಲ್ಟು ಬಿಚ್ಚಿದ್ದು ಗೋಡೆಯಾಚೆಯವರಿಗೆ ಕಾಣುವುದಿಲ್ಲ. ಕೇಳುವುದು ಗಡಗಡ ಸದ್ದು ಮಾತ್ರ. ವಾರದೊಳಗೆ ಪಕ್ಕದ ಮನೆಯವನು ಕ್ಷೌರದ ಕುರ್ಚಿಯಲ್ಲಿ ಕೂತು, ಕೆನ್ನೆಗೆ ನೊರೆ ಹಚ್ಚಿಸಿಕೊಳ್ಳುತ್ತಲೇ ಚುಚ್ಚಿದ:

"ಏನಣ್ಣ, ಈ ಸ್ಥಿತೀಲೂ ಅಕ್ಕನ್ನ ಹೊಲಿಯೋಕೆ ಕೂರಿಸಿದ್ದೀಯಂತೆ? ನಿನ್ನ ಕತ್ತರಿ ಏನು ಮೊಂಡಾಯ್ತಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಂಡ ಮನೆಗೆ ಬಂದವನೇ ತುಳಿಯುವ ಹಲಗೆಯನ್ನು ಯಂತ್ರದ ಕಾಲಿಗೆ ಹಗ್ಗದಿಂದ ಬಿಗಿದು ಕಟ್ಟಿದ.

"ರೀ, ನಾನು ಹೊಲೀತಿಲ್ಲ. ಬೆಲ್ಟೇ ಇಲ್ಲ ನೋಡಿ."

"ನಂಗೊತ್ತು ಕಣೆ. ಅವರಿಗೆ ಗೊತ್ತಿಲ್ವಲ್ಲ! ನನ್ನ ಮಾನ ಉಳಿಸು, ಮಲಕ್ಕೋ."

"ನಿಮ್ಮ ಮಾನ ಉಳಿಸೋಕೆ ನನ್ನ ಕಾಲೇ ಬೇಕಾ?"

ಅವನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಮರುದಿನ ಅವನ ತಂಗಿ ಬಂದಿಳಿದಳು. ಒಳ್ಳೆಯ ಜೀವ, ಅದೇ ತೊಂದರೆ. ಅತ್ತಿಗೆ ಕೂತರೆ "ಒರಗಿಕೊಳ್ಳಿ", ಒರಗಿದರೆ "ಮಲಗಿ". ನೀರಿನ ಲೋಟವೂ ಬಾಯಿಗೇ ಬಂತು. ನೋಡಲು ಬಂದವರು "ಎಷ್ಟು ಚೆನ್ನಾಗಿ ನೋಡ್ಕೋತಿದ್ದಾರೆ" ಎಂದು ಹೊಗಳಿ ಹೋದರು. ಜಗಳವಾಡಲು ಟೈಲರಮ್ಮನಲ್ಲಿ ತ್ರಾಣವಿರಲಿಲ್ಲ.

ಮೂರನೆಯ ಸುತ್ತಿಗೆ ಹೋದಾಗ ಡಾಕ್ಟರಮ್ಮ, "ಕೈ ಊರದೆ ಎದ್ದು ನಿಲ್ಲಿ" ಎಂದರು. ಅವಳು ತೊಡೆಗಳಿಗೆ ಅಪ್ಪಣೆ ಕೊಟ್ಟಳು, ತೊಡೆಗಳು ಕೇಳಲಿಲ್ಲ. ಇನ್ನೊಮ್ಮೆ ಎದ್ದಳು, ನಡುಗಿ ಕುಸಿದಳು. ಗಂಡ ಕೈ ಚಾಚಿದ.

"ಮುಟ್ಬೇಡಿ," ಅಂದಳು.

ಔಷಧಿ ಎರಡು ವಾರ ಮುಂದಕ್ಕೆ ಹೋಯಿತು.

ಮನೆಗೆ ಬಂದ ಗಂಡ ಕ್ಷೌರದ ಕತ್ತಿಯಿಂದಲೇ ಹಗ್ಗ ಕೊಯ್ದ. ಯಂತ್ರವನ್ನು ಎಳೆದು ಹೊಸ್ತಿಲ ಬಳಿ, ಬೀದಿಗೆಲ್ಲ ಕಾಣುವಂತೆ ಇಟ್ಟ. ಮೊದಲ ದಿನ ಹನ್ನೆರಡು ತುಳಿತಕ್ಕೇ ಅವಳಿಗೆ ಏದುಸಿರು ಬಂತು. ಅಂದು ಅಂಗಡಿಯಲ್ಲಿ ಚುಚ್ಚಿದವನೇ ದಾರಿಯಲ್ಲಿ ನಿಂತು, "ಅಯ್ಯೋ ಅಕ್ಕಾ, ರೆಸ್ಟ್ ತಗೊಳ್ಳಿ" ಅಂದ.

"ಅಷ್ಟು ಮರುಕ ಇದ್ರೆ ಬಾರಪ್ಪ, ನಾನು ಏಳೋವಾಗ ಪಕ್ಕದಲ್ಲಿ ನಿಂತ್ಕೋ," ಎಂದಳು.

ಅವನು ಜಾಗ ಖಾಲಿ ಮಾಡಿದ.

ಆ ಎರಡು ವಾರದಲ್ಲಿ ಗಡ್ಡೆ ಏನು ಮಾಡಿತೋ ಯಾರಿಗೂ ಗೊತ್ತಿಲ್ಲ. ಆ ದಿನಗಳನ್ನು ಅವಳಿಗೆ ಯಾರೂ ಹಿಂದಿರುಗಿಸಲಾರರು. ಹೊಗಳಿ ಹೋದವರೂ ಅಷ್ಟೇ, ನಕ್ಕವರೂ ಅಷ್ಟೇ.

ನಿಮಗೆ ಗೊತ್ತಿರುವ ಮನೆಯಲ್ಲೂ ಇಂಥವರೊಬ್ಬರು ಇದ್ದಾರೆ. ನಾಳೆಯೇ ಹೋಗಿ. ಬಾಗಿಲಲ್ಲಿ ನಿಂತು ಲೊಚಗುಟ್ಟಬೇಡಿ. ಡಾಕ್ಟರು ಏನು ಮಾಡಲು ಹೇಳಿದ್ದಾರೆಂದು ಕೇಳಿ, ಅದನ್ನು ಅವರ ಜೊತೆ ನೀವೂ ಮಾಡಿ. ಆಗದಿದ್ದರೆ, ಬಾಯಿಯನ್ನಾದರೂ ಮುಚ್ಚಿಕೊಳ್ಳಿ.