ನಾನೂ ಒಂದು ಕಂಪನಿಯಾಗಲು ಹೊರಟದ್ದು

ಒಬ್ಬನೇ ದುಡಿಯುವವನಿಗೆ ತಾನು ಬಹಳ ಜನ ಎಂದು ತೋರಿಸಿಕೊಳ್ಳುವ ಚಪಲವಿರುತ್ತದೆ. ನನಗೂ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನಲ್ಲಿದ್ದುಕೊಂಡು ಮನೆ ಕಟ್ಟುವವರಿಗೆ ನಕಾಶೆ ಬರೆದುಕೊಡುತ್ತಿದ್ದೆ. ಸಿಬ್ಬಂದಿ ಎಂದರೆ, ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಪ್ಪಿದ ಯಾರಾದರೂ ದಾರಿಹೋಕ. ಆದರೂ ಗಿರಾಕಿಗಳಿಗೆ, "ನಾವು ನಾಳೆ ಬಂದು ನೋಡ್ತೀವ್ರಿ" ಎನ್ನುತ್ತಿದ್ದೆ.

ನಮ್ಮ ಕಡೆಯ ಶರಣರು ಅಂಬಿಗರ, ಮಡಿವಾಳ ಎಂದು ಹೆಸರಿಗೆ ಕಾಯಕವನ್ನಷ್ಟೇ ಕಟ್ಟಿಕೊಂಡು ಎಂಟು ಶತಮಾನ ಬಾಳಿದ್ದಾರೆ. ಲಿಮಿಟೆಡ್ ಎಂಬ ಬಾಲ ಅವರಿಗೆ ಬೇಕಾಗಲಿಲ್ಲ. ನನಗೆ ಬೇಕೆನಿಸಿತು. ಬಾಗಲಕೋಟೆಯ ಗುತ್ತಿಗೆದಾರರೊಬ್ಬರು, "ಕಂಪನಿ ಮಾಡ್ರಿ, ದೊಡ್ಡ ಕೆಲಸ ಕೊಡ್ತೇನಿ" ಎಂದದ್ದೇ ನೆಪವಾಯಿತು. ಅಲ್ಲಿನ ಆಡಿಟರ್ ಹತ್ತಿರ ಹೋದರೆ ಅವರು ನಕ್ಕರು.

"ಒಬ್ಬರ ಕಂಪನಿ ಆಗೂದಿಲ್ರಿ. ಇಬ್ಬರು ಡೈರೆಕ್ಟರ್ ಬೇಕು. ಮೂರು ತಿಂಗಳಿಗೊಮ್ಮೆಯಾದ್ರೂ ಇಬ್ಬರೂ ಕುಂತು ಸಭಾ ಮಾಡಬೇಕು."

ಇನ್ನೊಬ್ಬ ಡೈರೆಕ್ಟರನ್ನು ಎಲ್ಲಿಂದ ತರಲಿ? ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಾಂತವ್ವನಿಗೆ ಎಲ್ಲವನ್ನೂ ವಿವರಿಸಿದೆ. ದೊಡ್ಡ ಕೆಲಸ, ದೊಡ್ಡ ಹೆಸರು ಯಾವುದೂ ಆಕೆಯ ಕಿವಿಗೆ ಬೀಳಲಿಲ್ಲ. ಬಡಿಯುವ ಕೈ ನಿಲ್ಲಿಸಿ ಕೇಳಿದಳು:

"ಸಭಾ ಅಂದ್ರ ಇಬ್ಬರೂ ಕುಂದರಬೇಕೇನ್ರಿ? ಕಾಯ್ದೆ ಐತೇನು?"

"ಐತಿ."

"ಅರ್ಧಕ್ಕ ಎದ್ದು ಬಸ್ಸಿಗೆ ಹೋಗಂಗಿಲ್ಲ?"

"ಹೋಗಂಗಿಲ್ಲ."

"ಹಂಗಾದ್ರ ಎಲ್ಲಿ ಸಹಿ ಮಾಡ್ಲಿ, ಹೇಳ್ರಿ."

ನಗುತ್ತಲೇ ಬಾದಾಮಿಯ ಬಸ್ಸು ಹತ್ತಿದೆ. ಹುನಗುಂದ ದಾಟುವಷ್ಟರಲ್ಲಿ ನಗು ಆರಿತ್ತು. ಮದುವೆಯಾದಾಗಿನಿಂದ ನಾನು ಇನ್ನೊಬ್ಬರ ಪಡಸಾಲೆ ಅಳೆಯುತ್ತ ತಿರುಗಿದ್ದೇ ಹೆಚ್ಚು. ಆಕೆ ಆಸೆಪಟ್ಟದ್ದು ಮೂರು ತಿಂಗಳಿಗೊಮ್ಮೆ ಒಂದಿಷ್ಟು ಹೊತ್ತು, ಅದೂ ಕಾಯ್ದೆಯ ಬಲದಿಂದ. ಪಟ್ಟದಕಲ್ಲಿನಲ್ಲಿ ಒಂದು ಅಂಗಡಿಯ ಜಾಗ ಅಳೆಯುವಾಗ ಮನೆಯ ನೆನಪು ಎಷ್ಟು ಕಾಡಿತೆಂದರೆ, ಅಡಿ ಬರೆಯುವಲ್ಲಿ ಇಂಚು ಬರೆದೆ. ಆ ನಕಾಶೆಯಂತೆ ಕಟ್ಟಿದ್ದರೆ ಅಂಗಡಿಯೊಳಗೆ ಬೆಕ್ಕೂ ನುಸುಳುತ್ತಿರಲಿಲ್ಲ.

ಕಂಪನಿಯ ಖರ್ಚು, ವರ್ಷ ವರ್ಷದ ಕಾಗದಪತ್ರಗಳ ತಾಪತ್ರಯ ತೂಗಿ ನೋಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ವಾಸಿ ಎನಿಸಿತು. ವಾರ ಕಳೆದು, ಅಳತೆಗೆಂದು ಮತ್ತೊಂದು ಊರಿಗೆ ಹೊರಡುವ ಗಡಿಬಿಡಿಯಲ್ಲಿ, ಕಂಪನಿ ಮಾಡುವುದಿಲ್ಲವೆಂದು ಶಾಂತವ್ವನಿಗೆ ಹೇಳಿದೆ. ಆಕೆ ಕೈಗಂಟಿದ ಹಿಟ್ಟು ಒರೆಸಿಕೊಂಡಳು.

"ಕಂಪನಿ ಬ್ಯಾಡಂದ್ರ ಬ್ಯಾಡ ಬಿಡ್ರಿ. ಸಭಾನೂ ಇಲ್ಲೇನು?"

ಬಸ್ಸು ತಪ್ಪಿದರೆ ತಪ್ಪಲಿ ಎಂದು ಆಕೆಯ ಎದುರು ಕೂತೆ. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಆದರೂ ಯಾರೂ ಎದ್ದು ಹೋಗಲಿಲ್ಲ.