ಕೆಳಮನೆ ಆಂಟಿ ಅಳೆದ ಬೆಳಕು

ಆಂಟಿಯ ಮೂಗಿನ ಜಿಡ್ಡು ಯಾವಾಗಲೂ ಕ್ಯಾಮೆರಾದ ಹಿಂಬದಿಯ ಪರದೆಗೆ ಅಂಟಿರುತ್ತಿತ್ತು. ಕಣ್ಣನ್ನು ಅಷ್ಟು ಒತ್ತಿ ಇಟ್ಟು ನೋಡುತ್ತಿದ್ದರು. ಆಮೇಲೆ ಸ್ವೆಟರ್ ತೋಳಿನಿಂದ ಒರೆಸಿ, ಚಿತ್ರ ಸರಿಯಿಲ್ಲದಿದ್ದರೆ ತಮಗೆ ತಾವೇ ಬೈದುಕೊಳ್ಳುತ್ತಿದ್ದರು. ಮೈಸೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾಗಿ, ಪರದೇಶದ ಈ ಕ್ರಾಸ್‌ರೋಡ್ಸ್ ಬಡಾವಣೆಗೆ ಬಂದು, ನಮ್ಮ ಕೆಳಗಿನ ಮನೆಯಲ್ಲಿ ಮಗನ ಜೊತೆ ಇದ್ದರು. ನನ್ನ ಹಾಗೆ, ನನ್ನ ಮಗಳ ಹಾಗೆ, ಅವರದೂ ಎಣ್ಣೆಗಪ್ಪು ಬಣ್ಣ.

ನನಗೂ ಮಗಳಿಗೂ ಕ್ಯಾಮೆರಾ ಕಲಿಸಿದವರು ಅವರೇ. "ಅಪರ್ಚರ್ ಅಂದ್ರೆ ಕಿಟಕಿ ಎಷ್ಟು ತೆಗೀತೀಯ ಅನ್ನೋದು. ಶಟರ್ ಅಂದ್ರೆ ಎಷ್ಟು ಹೊತ್ತು ತೆಗೆದಿಡ್ತೀಯ ಅನ್ನೋದು. ಐಎಸ್‌ಒ ಏರಿಸಿದ್ರೆ ಕತ್ತಲಲ್ಲೂ ಕಾಣುತ್ತೆ, ಆದ್ರೆ ಚಿತ್ರ ರವೆ ರವೆ ಆಗುತ್ತೆ. ಇಷ್ಟೇ ಕಣೆ. ಆಟೋ ಮೋಡ್‌ನಲ್ಲಿಟ್ಟು ಒತ್ತೋದಾದ್ರೆ ನೀನ್ಯಾಕೆ ಬೇಕು?"

ಒಂದು ವರಮಹಾಲಕ್ಷ್ಮಿ ಹಬ್ಬದ ಸಂಜೆ, ಆಂಟಿಯೂ ನಾವಿಬ್ಬರೂ ಪರಿಚಿತರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಹೊರಗೆ ಇನ್ನೂ ಝಗಝಗ ಬಿಸಿಲು. ಎಲ್ಲರೂ ಗ್ರೂಪ್ ಫೋಟೋಗೆಂದು ದೊಡ್ಡ ಕಿಟಕಿಯ ಮುಂದೆ ನಿಂತೆವು. ಆ ಮನೆಯ ಯಜಮಾನ ಒಂದು ಫೋಟೋ ತೆಗೆದು, ಪರದೆ ನೋಡಿ, ನನ್ನ ಮಗಳಿಗೆ ಹೇಳಿದ: "ಪುಟ್ಟಾ, ಸ್ವಲ್ಪ ಹಲ್ಲು ಬಿಡು, ಇಲ್ಲಾಂದ್ರೆ ನೀನಿರೋದೇ ಗೊತ್ತಾಗಲ್ಲ."

ಎಲ್ಲರೂ ನಕ್ಕರು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ದೇವಿಯ ಎದುರೇ ನಿಂತು ನಕ್ಕರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಮಗಳು ಮೆಲ್ಲಗೆ ಹಿಂದಿನ ಸಾಲಿಗೆ ಸರಿದಳು.

ಆಂಟಿ ಮುಂದೆ ಬಂದು ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡರು. "ಇದು ಕಿಟಕಿ ನೋಡಿ, ಬೆಳಕು ಬೇಕಾದಷ್ಟಿದೆ ಅಂದ್ಕೊಂಡಿದೆ. ಇದಕ್ಕೆ ಬುದ್ಧಿ ಇಲ್ಲ, ಸರಿ. ನಿನಗೇನಪ್ಪಾ ಆಗಿದೆ?" ಬೆಳಕು ಅಳೆಯುವ ಮೀಟರಿಂಗನ್ನು ಸ್ಪಾಟ್‌ಗೆ ಬದಲಿಸಿ, ಮಗಳನ್ನು ಮುಂದೆ ಕರೆದು, ಅವಳ ಮುಖದ ಬೆಳಕನ್ನಷ್ಟೇ ಅಳೆದು ತೆಗೆದರು. ಅವಳ ಕಣ್ಣು, ಕೆನ್ನೆಯ ಗುಳಿ ಎಲ್ಲ ಕಂಡವು. ಬೆಳ್ಳಗಿದ್ದವರು ಸುಣ್ಣ ಬಳಿದಂತೆ ಬಂದಿದ್ದರು.

"ಅಯ್ಯೋ, ನಮ್ಮ ಮುಖಾನೇ ಕಾಣ್ತಿಲ್ವಲ್ಲ!"

"ಹಲ್ಲು ಬಿಡಿ," ಅಂದರು ಆಂಟಿ.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಶ್ರದ್ಧಾಂಜಲಿಗೆ ಇಟ್ಟಿದ್ದ ಫೋಟೋ ನೋಡಿ ದಂಗಾದೆ. ಯಾವುದೋ ಆ್ಯಪ್‌ನಲ್ಲಿ ತಿಕ್ಕಿ ತಿಕ್ಕಿ ಅವರನ್ನು ಬೆಳ್ಳಗೆ ಮಾಡಿದ್ದರು. ಅವರ ಮಗನನ್ನು ಕೇಳಿದೆ.

"ಚೆನ್ನಾಗಿ ಕಾಣ್ಲಿ ಅಂತ ಸ್ವಲ್ಪ ಬ್ರೈಟ್ ಮಾಡ್ದೆ, ಅಕ್ಕ."

"ನಿಮ್ಮಮ್ಮ ಕಪ್ಪಗಿದ್ರು. ಚೆನ್ನಾಗೂ ಇದ್ರು!" ನನ್ನ ಕೂಗಿಗೆ ಇಡೀ ಹಾಲ್ ತಿರುಗಿ ನೋಡಿತು. ನೋಡಲಿ. ಅವನು ಫೋಟೋ ಬದಲಿಸಲಿಲ್ಲ.

"ದಟ್ಸ್ ನಾಟ್ ಹರ್, ಅಮ್ಮ," ಎಂದಳು ಮಗಳು. ಆಂಟಿಗೆಂದು ತಂದಿದ್ದ ಹೂವನ್ನು ಆ ಬಿಳಿ ಮುಖಕ್ಕೆ ಏರಿಸದೆ, ಇಬ್ಬರೂ ಹಾಗೇ ವಾಪಸ್ ತಂದೆವು.