ರವಿಚಂದ್ರ ಕೀಳದ ಸಾಲು

ವನಗೂರಿನ ಎಸ್ಟೇಟಿನವರ ತೂಕದ ಪ್ರೋಗ್ರಾಮನ್ನು ಹಳೆಯ ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆಯಿಂದ ಹ್ಯಾಸ್ಕೆಲ್ ಎಂಬ ಹೊಸ ಭಾಷೆಗೆ ಬರೆದುಕೊಡಲು ಒಪ್ಪಿಕೊಂಡ ದಿನದಿಂದ ರವಿಚಂದ್ರನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಹೊಸ ಭಾಷೆಯಲ್ಲಿ ಒಂದು ಹೆಸರಿನಡಿ ಒಮ್ಮೆ ಇಟ್ಟದ್ದನ್ನು ಬದಲಿಸುವಂತಿಲ್ಲ, ಅದೇ ಸಾಮಾನು ಹಾಕಿದರೆ ಅದೇ ಉತ್ತರ ಬರಬೇಕು. ಈ ಶಾಸನವನ್ನು ಅವನು ಅಡುಗೆಮನೆಗೂ ಹೊರಡಿಸಿದ್ದಾನೆ. ಬಿಸ್ಕತ್ತಿನ ಡಬ್ಬದಲ್ಲಿ ಸಾಸಿವೆ ಕಂಡರೆ ಕೆಂಡವಾಗುತ್ತಾನೆ. "ಅದೇ ಪುಡಿ, ಅದೇ ಬೆಲ್ಲ, ಇವತ್ತಿನ ಕಾಫಿ ಯಾಕೆ ಬೇರೆ ಥರ ಐತೆ?" ಎಂದರೆ ಹೆಂಡತಿ ವಾಣಿ, "ನಾನು ಮಿಷನ್ ಅಲ್ಲ ಕಣ್ರೀ" ಎನ್ನುತ್ತಾಳೆ. ಹಳೆಯ ಕೋಡಿನಲ್ಲಿ ಕೆಲಸಕ್ಕೆ ಬಾರದ ಸಾಲು ಸಿಕ್ಕರಂತೂ ಕಳೆ ಕಿತ್ತಂತೆ ಕಿತ್ತೆಸೆಯುತ್ತಾನೆ. ಅಂಥದ್ದೊಂದಿತ್ತು: ಪ್ರತಿ ಮೂಟೆ ತೂಗಿದ ಮೇಲೆ ಪರದೆಯಲ್ಲಿ 'ಲೆಕ್ಕ ನಡೆಯುತ್ತಿದೆ' ಎಂದು ತೋರಿಸಿ, ಯಾವ ಲೆಕ್ಕವನ್ನೂ ಮಾಡದೆ ಸುಮ್ಮನೆ ಕಾಯುವ ಸಾಲು. ಕೀಳುವ ಮುನ್ನ ಒಮ್ಮೆ ನೋಡೋಣವೆಂದು ಕೊಯ್ಲಿನ ಒಂದು ಸಂಜೆ ಎಸ್ಟೇಟಿನಲ್ಲಿ ಮೂಟೆ ತೂಗುವ ಸ್ಟೋರಿಗೆ ಹೋದ. ಗುಡ್ಡದಿಂದ ಕಾಫಿ ಹಣ್ಣಿನ ಮೂಟೆ ಹೊತ್ತು ತಂದ ಕೂಲಿಯಾಳು ಮುನಿಯಮ್ಮ ಅದನ್ನು ತಕ್ಕಡಿಗೆ ಇಳಿಸಿದಳು; ಪರದೆಯಲ್ಲಿ ಆ ಅಕ್ಷರ ಮೂಡಿದ್ದೇ ಗೋಡೆಗೊರಗಿ, ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚತೊಡಗಿದಳು. ಹಿಂದೆ ನಿಂತಿದ್ದವರೂ ಮೂಟೆ ಇಳಿಸಿ ಕೂತರು. ಲೆಕ್ಕ ಮುಗಿಯದೆ, ತೂಕ ಬರೆದುಕೊಳ್ಳುವ ರೈಟರ್ ಕೂಡ ಯಾರನ್ನೂ ಕೂಗುವಂತಿರಲಿಲ್ಲ. ಹೊಸ ಪ್ರೋಗ್ರಾಮಿನಲ್ಲೂ ಆ ಸಾಲು ಹಾಗೇ ಇದೆ. "ಎಲ್ಲಾ ಸರಿ, ಇಲ್ಲೊಂದ್ಕಡೆ ಯಾಕೆ ನಿಂತ್ಬುಡ್ತದೋ ಮಾರಾಯ?" ಎಂದು ಮಾಲೀಕ ಸುರೇಂದ್ರ ಕೇಳಿದರೆ ರವಿಚಂದ್ರ ಕಣ್ಣೆತ್ತದೆ ಹೇಳುತ್ತಾನೆ: "ಅಲ್ಲಿ ಲೆಕ್ಕ ಭಾರಿ ಐತೆ ಕಣಣ್ಣ, ಅವಸರ ಮಾಡಂಗಿಲ್ಲ."